ಪರ್ಸಿಯಸ್‌ನ ಮನೆತನದ ಜೊತೆ ಒಂದು ದಿನ: ಆರ್ಗೋಸ್, ಟಿರಿನ್ಸ್, ಮೈಸೀನಿ ಪ್ರವಾಸದ ವಿಮರ್ಶೆ

ಗ್ರೀಸ್‌ನ ನಾಫ್ಲಿಯೊ ಊರಿನಿಂದ ಬೆಳಿಗ್ಗೆ 8.30ಕ್ಕೆ ಹೊರಟು, ಆರ್ಗೋಸ್, ಟಿರಿನ್ಸ್, ಮೈಸೀನಿ ಮೂರನ್ನೂ ತೋರಿಸಿ ಸಂಜೆ 5ಕ್ಕೆ ಮರಳಿ ತಂದುಬಿಡುವ ಒಂದು ದಿನದ ಪ್ರವಾಸ ಇದು. ಕಾರು, ಚಾಲಕ, ಸರ್ಕಾರದ ಪರವಾನಗಿ ಪಡೆದ ಮಾರ್ಗದರ್ಶಕಿ ಸೇರಿ ನಮ್ಮ ಮೂವರಿಗೆ 390 ಯೂರೊ ಆಯಿತು. ಸ್ಮಾರಕಗಳ ಟಿಕೆಟ್ಟು, ಮಧ್ಯಾಹ್ನದ ಊಟ ಬೇರೆ. ಈ ವರ್ಷದ ಏಪ್ರಿಲ್ ಮೊದಲ ವಾರ ಹೋದೆವು. ಮಗ ಮತ್ತು ಸೊಸೆ ಜರ್ಮನಿಯಲ್ಲಿದ್ದಾರೆ; ಅವರ ರಜೆಯ ಲೆಕ್ಕಕ್ಕೆ ನನ್ನ ಪ್ರಯಾಣ ಕೂಡಿಬಂದಿತ್ತು. ಅಥೆನ್ಸ್‌ನಿಂದ ನಾಫ್ಲಿಯೊಗೆ ಸುಮಾರು 140 ಕಿಲೋಮೀಟರ್. ಹಿಂದಿನ ದಿನವೇ ಬಂದು ಅಲ್ಲಿ ತಂಗಿದ್ದೆವು. ಅಥೆನ್ಸ್‌ನಿಂದಲೇ ಹೊರಟು ಇದೇ ಸ್ಥಳಗಳನ್ನು ಒಂದೇ ದಿನದಲ್ಲಿ ಮುಗಿಸುವ ಬಸ್ ಪ್ರವಾಸಗಳೂ ಇವೆ. ಅವುಗಳಲ್ಲಿ ಅರ್ಧ ದಿನ ಹೆದ್ದಾರಿಯಲ್ಲೇ ಕಳೆದುಹೋಗುತ್ತದೆ.

ನಾನು 31 ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವಳು. ಗ್ರೀಕ್ ಪುರಾಣದ ಪರ್ಸಿಯಸ್ ಎಂದರೆ, ಮುಖ ನೋಡಿದವರನ್ನು ಕಲ್ಲಾಗಿಸುವ ರಾಕ್ಷಸಿ ಮೆಡೂಸಾಳ ತಲೆ ಕಡಿದ ವೀರ ಎಂಬ ಒಂದು ಸಾಲು ನನಗೂ ಗೊತ್ತಿತ್ತು, ಮಕ್ಕಳಿಗೂ ಅದನ್ನೇ ಹೇಳಿದ್ದೆ. ಈ ಪ್ರವಾಸದಲ್ಲಿ ಆ ಒಂದು ಸಾಲು ಹಲವು ತಲೆಮಾರಿನ ಮನೆಯ ಕಥೆಯಾಗಿ ಬಿಚ್ಚಿಕೊಂಡಿತು. ಕೊಟ್ಟ ಹಣ ಸಂದಿತು ಎಂದು ನಾನು ಹೇಳುವುದು ಮಾರ್ಗದರ್ಶಕಿಯ ಕಾರಣಕ್ಕೆ. ಕೊರತೆಗಳೂ ಇವೆ, ಬರೆಯುತ್ತೇನೆ.

ಆಕೆ ಆರ್ಗೋಸ್‌ನವರೇ, ಐವತ್ತು ದಾಟಿದವರು. ಇಂಗ್ಲಿಷನ್ನು ನಿಧಾನವಾಗಿ, ಒಂದೊಂದು ಹೆಸರನ್ನೂ ಎರಡು ಸಲ ಉಚ್ಚರಿಸಿ ಮಾತಾಡುತ್ತಿದ್ದರು. ಹೆಚ್ಚಿನವರು ನೇರವಾಗಿ ಮೈಸೀನಿಗೆ ಕರೆದೊಯ್ದು ಸಿಂಹದ್ವಾರದ ಮುಂದೆ ಕಥೆ ಆರಂಭಿಸುತ್ತಾರಂತೆ. ಇವರು ಮೊದಲು ಕರೆದೊಯ್ದದ್ದು ಆರ್ಗೋಸ್‌ನ ಪ್ರಾಚೀನ ರಂಗಮಂದಿರಕ್ಕೆ. ಲಾರಿಸಾ ಎಂಬ ಗುಡ್ಡದ ಬಂಡೆಯಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಆಸನಗಳನ್ನು ಕೊರೆದಿದ್ದಾರೆ. ಸುಮಾರು 20 ಸಾವಿರ ಜನ ಕೂರುತ್ತಿದ್ದ ಜಾಗ. ಆ ಬೆಳಿಗ್ಗೆ ನಾವು ನಾಲ್ವರ ಹೊರತು ಒಂದು ಬೆಕ್ಕು ಮಾತ್ರ ಇತ್ತು. ಗುಡ್ಡದ ನೆತ್ತಿಯಲ್ಲಿ ಕೋಟೆ, ಎದುರಿಗೆ ರಸ್ತೆಯಾಚೆ ಹಳೆಯ ಪೇಟೆಯ ಅವಶೇಷ, ಅದರಾಚೆ ಇಂದಿನ ಊರು. “ಅಜ್ಜನ ಮನೆಯಿಂದ ಶುರು ಮಾಡೋಣ” ಎಂದು ನಮ್ಮನ್ನು ಕೆಳಗಿನ ಸಾಲಿನಲ್ಲಿ ಕೂರಿಸಿದರು.

ಅಜ್ಜ ಎಂದರೆ ಅಕ್ರಿಸಿಯಸ್, ಆರ್ಗೋಸ್‌ನ ರಾಜ. ಅವನೂ ಅವನ ತಮ್ಮ ಪ್ರೀಟಸ್‌ನೂ ಅವಳಿ ಮಕ್ಕಳು. ತಾಯಿಯ ಹೊಟ್ಟೆಯಲ್ಲಿರುವಾಗಲೇ ಜಗಳ ಆಡಿದವರು. ದೊಡ್ಡವರಾದ ಮೇಲೆ ಯುದ್ಧವಾಗಿ ಆಸ್ತಿ ಪಾಲಾಯಿತು. ಅಣ್ಣನಿಗೆ ಆರ್ಗೋಸ್, ತಮ್ಮನಿಗೆ ಟಿರಿನ್ಸ್. ಎರಡರ ನಡುವೆ ಹತ್ತು ಕಿಲೋಮೀಟರೂ ಇಲ್ಲ. ಅಕ್ರಿಸಿಯಸ್‌ನಿಗೆ ಗಂಡು ಸಂತಾನವಿಲ್ಲ, ಇದ್ದವಳು ದನಾಯಿ ಎಂಬ ಒಬ್ಬಳೇ ಮಗಳು. ಮಗ ಹುಟ್ಟುತ್ತಾನೆಯೇ ಎಂದು ದೈವವಾಣಿ ಕೇಳಲು ಹೋದವನಿಗೆ ಸಿಕ್ಕ ಉತ್ತರ, ಮಗಳ ಮಗನ ಕೈಯಲ್ಲಿ ನಿನಗೆ ಸಾವು. ಮಗಳನ್ನು ನೆಲದಡಿಯ ಕಂಚಿನ ಕೋಣೆಯಲ್ಲಿ ಕೂಡಿಹಾಕಿದ. ಜ್ಯೂಸ್ ದೇವ ಚಿನ್ನದ ಮಳೆಯಾಗಿ ಚಾವಣಿಯ ಬಿರುಕಿನಿಂದ ಇಳಿದ. ಮಗು ಹುಟ್ಟಿತು. ತಾಯಿ ಮಗು ಇಬ್ಬರನ್ನೂ ಮರದ ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ತಳ್ಳಿಸಿದ.

ಇಷ್ಟು ಕೇಳಿದ ಮೇಲೆ ನಾನು ಸುಮ್ಮನಿರಲಾಗಲಿಲ್ಲ. ಸೊಸೆಯ ಸಹಾಯದಿಂದ ಆಕೆಗೆ ದೇವಕಿಯ ಸೆರೆಮನೆ ಹೇಳಿದೆ, ಕುಂತಿ ಕರ್ಣನನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟದ್ದನ್ನು ಹೇಳಿದೆ. ಆಕೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: “ಆ ತಾಯಿ ದಡದಲ್ಲೇ ಉಳಿದಳೇ?” ಹೌದು ಎಂದೆ. “ದನಾಯಿ ಪೆಟ್ಟಿಗೆಯ ಒಳಗಿದ್ದಳು” ಎಂದರು. ಅಲೆಗಳ ಹೊಡೆತದ ನಡುವೆ ಮಗುವನ್ನು ತಟ್ಟಿ, ನೀನೂ ಮಲಗು, ಕಡಲೂ ಮಲಗಲಿ ಎಂದು ಆಕೆ ಹಾಡುವ ಜೋಗುಳದ ತುಣುಕೊಂದು ಪ್ರಾಚೀನ ಗ್ರೀಕ್ ಕಾವ್ಯದಲ್ಲಿ ಉಳಿದುಬಂದಿದೆ. ಮಾರ್ಗದರ್ಶಕಿ ಅದನ್ನು ಗ್ರೀಕಿನಲ್ಲೇ ಮೆಲ್ಲಗೆ ಹೇಳಿದರು. ಅರ್ಥ ಆಗದಿದ್ದರೂ ಆ ಬಂಡೆಯ ಅಂಗಳದಲ್ಲಿ ಅದರ ಲಯ ನನಗೆ ತಾಕಿತು. ವೀರನ ಕಥೆಗೆ ತಾಯಿಯಿಂದ ಬಾಗಿಲು ತೆರೆದ ಈ ಕ್ರಮ ನನಗೆ ಬಹಳ ಹಿಡಿಸಿತು.

ಪೆಟ್ಟಿಗೆ ಹೋಗಿ ತಲುಪಿದ್ದು ಸೆರಿಫೋಸ್ ದ್ವೀಪಕ್ಕೆ. ಬಲೆಗೆ ಸಿಕ್ಕಿದ ಪೆಟ್ಟಿಗೆಯನ್ನು ತೆರೆದು ಇಬ್ಬರನ್ನೂ ಮನೆಗೆ ಕರೆದೊಯ್ದವನು ಡಿಕ್ಟಿಸ್. ಅವನ ಹೆಸರಿನೊಳಗೇ ಗ್ರೀಕಿನ ಬಲೆ ಎಂಬ ಶಬ್ದ ಇದೆಯಂತೆ. ಪರ್ಸಿಯಸ್‌ನನ್ನು ಸಾಕಿ ಬೆಳೆಸಿದವನು ಅವನೇ. ಅವನ ಅಣ್ಣ ಪೊಲಿಡೆಕ್ಟಿಸ್ ದ್ವೀಪದ ರಾಜ, ಅವನ ಕಣ್ಣು ದನಾಯಿಯ ಮೇಲೆ. ಬೆಳೆದ ಮಗ ಅಡ್ಡ ಇದ್ದಾನೆಂದು ಅವನನ್ನು ಸಾಗಹಾಕಲು ಮೆಡೂಸಾಳ ತಲೆ ತರುವ ಕೆಲಸ ಹಚ್ಚಿದ. ಮೆಡೂಸಾಳ ಪ್ರಸಂಗ ಬರುವುದೇ ಹೀಗೆ: ತಾಯಿಯನ್ನು ಬಲವಂತದ ಮದುವೆಯಿಂದ ಉಳಿಸಬೇಕಾದ ಮಗ ಹೊರಟ ದಾರಿ ಅದು. ಇದನ್ನು ನಾನು ಎಂದೂ ಹೀಗೆ ಜೋಡಿಸಿ ನೋಡಿರಲಿಲ್ಲ. ಹಿಂದಿರುಗಿದಾಗ ದನಾಯಿಯೂ ಡಿಕ್ಟಿಸ್‌ನೂ ರಾಜನ ಹಿಂಸೆಗೆ ಹೆದರಿ ದೇವರ ಪೀಠದ ಬಳಿ ಆಶ್ರಯ ಪಡೆದಿದ್ದರು. ಪರ್ಸಿಯಸ್ ಚೀಲದಿಂದ ತಲೆ ತೆಗೆದು ರಾಜನಿಗೆ ತೋರಿಸಿದ. ರಾಜನೂ ಅವನ ಬಂಟರೂ ಕಲ್ಲಾದರು. ಸಿಂಹಾಸನ ಸಾಕಿದವನಿಗೆ ಹೋಯಿತು.

ಇಲ್ಲಿ ಮೊದಲ ಕೊರತೆಯನ್ನು ಹೇಳಬೇಕು. ಸಂಸ್ಥೆಯವರು ಕಾರು ಹತ್ತುವಾಗಲೇ ಬಣ್ಣದ ಕರಪತ್ರವೊಂದನ್ನು ಕೊಡುತ್ತಾರೆ. ಅದರ ಮುಖಪುಟದಲ್ಲಿ ಪರ್ಸಿಯಸ್ ರೆಕ್ಕೆಯ ಕುದುರೆ ಪೆಗಾಸಸ್‌ನ ಮೇಲೆ ಕುಳಿತು ಹಾರುತ್ತಿದ್ದಾನೆ. ಇದು ತಪ್ಪು. ಹಳೆಯ ಕಥೆಯಲ್ಲಿ ಪರ್ಸಿಯಸ್ ಹಾರುವುದು ರೆಕ್ಕೆ ಕಟ್ಟಿದ ಪಾದರಕ್ಷೆಗಳಿಂದ. ಪೆಗಾಸಸ್ ಹುಟ್ಟುವುದೇ ಕಡಿದ ಮೆಡೂಸಾಳ ಕೊರಳಿನಿಂದ. ಅದನ್ನು ಹಿಡಿದು ಪಳಗಿಸಿ ಏರುವವನು ಬೆಲೆರೊಫಾನ್ ಎಂಬ ಬೇರೆಯೇ ವೀರ. ಬಹಳ ನಂತರದ ಕಾಲದಲ್ಲಿ ಎರಡು ಕಥೆಗಳು ಕಲಸಿಹೋದವು. ಮಾರ್ಗದರ್ಶಕಿ ತಾವಾಗಿಯೇ ಇದನ್ನು ತಿದ್ದಿ ಹೇಳಿದರು, ಚಿತ್ರದ ಬಗ್ಗೆ ಅವರಿಗೂ ಬೇಸರವಿತ್ತು. ಅದೇ ಕರಪತ್ರದ ಒಳಪುಟದ ವಂಶವೃಕ್ಷದಲ್ಲಿ ಇನ್ನೊಂದು ಲೋಪವಿದೆ. ಪರ್ಸಿಯಸ್ ಮತ್ತು ಅವನ ಹೆಂಡತಿ ಆಂಡ್ರೊಮೆಡಾಳ ಆರು ಗಂಡುಮಕ್ಕಳ ಹೆಸರು ಇದೆ: ಪರ್ಸೆಸ್, ಅಲ್ಕೇಯಸ್, ಸ್ಥೆನೆಲಸ್, ಹೆಲಿಯಸ್, ಮೆಸ್ಟರ್, ಎಲೆಕ್ಟ್ರಿಯಾನ್. ಒಬ್ಬಳೇ ಮಗಳು ಗೊರ್ಗೊಫೊನೆ ಅಲ್ಲಿ ಇಲ್ಲ.

ಆ ಮಗಳ ಮಾತು ಬಂದದ್ದು ರಸ್ತೆ ದಾಟಿ ಹಳೆಯ ಪೇಟೆಯ ಅವಶೇಷದ ಬಳಿ ನಿಂತಾಗ. 2ನೇ ಶತಮಾನದಲ್ಲಿ ಗ್ರೀಸನ್ನೆಲ್ಲ ಸುತ್ತಿ ಕಂಡದ್ದನ್ನು ಬರೆದಿಟ್ಟ ಪೌಸೇನಿಯಸ್ ಇಲ್ಲಿಗೂ ಬಂದಿದ್ದ. ಈ ಪೇಟೆಯಲ್ಲಿ ಒಂದು ಮಣ್ಣಿನ ದಿಬ್ಬವಿತ್ತು, ಅದರಡಿ ಮೆಡೂಸಾಳ ತಲೆ ಹೂತಿದೆ ಎಂದು ಊರವರು ಹೇಳುತ್ತಿದ್ದರು ಎಂದು ಅವನು ಬರೆದಿದ್ದಾನೆ. ಅದರ ಪಕ್ಕದಲ್ಲೇ ಗೊರ್ಗೊಫೊನೆಯ ಸಮಾಧಿ. ತಂದೆಯ ಸಾಹಸದ ಹೆಸರನ್ನೇ ಹೊತ್ತವಳು, ಗೊರ್ಗಾನ್‌ನ್ನು ಕೊಂದ ಎಂಬುದು ಆ ಹೆಸರಿನ ಅರ್ಥ; ಮೆಡೂಸಾ ಗೊರ್ಗಾನ್ ಎಂಬ ರಾಕ್ಷಸಿಯರಲ್ಲಿ ಒಬ್ಬಳು. ಗಂಡ ಪೆರಿಯರಿಸ್ ತೀರಿಕೊಂಡ ಮೇಲೆ ಆಕೆ ಒಯ್ಬಾಲಸ್ ಎಂಬವನನ್ನು ಮದುವೆಯಾದಳು. ಗಂಡ ಸತ್ತ ಮೇಲೆ ಮತ್ತೆ ಮದುವೆಯಾದ ಮೊದಲ ಹೆಂಗಸು ಈಕೆಯೇ, ಅದಕ್ಕೂ ಮುಂಚೆ ವಿಧವೆಯರು ಒಂಟಿಯಾಗಿಯೇ ಉಳಿಯುವುದು ರೂಢಿಯಾಗಿತ್ತು ಎಂದು ಪೌಸೇನಿಯಸ್ ಹೇಳುತ್ತಾನೆ.

ನನ್ನ ಸೋದರತ್ತೆ 22ಕ್ಕೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಯ ಹಿತ್ತಲ ಕಡೆಯ ಕೋಣೆಯಲ್ಲಿ 60 ವರ್ಷ ಬದುಕಿದವರು. ಮದುವೆಯ ಮನೆಗಳಲ್ಲಿ ಅವರು ಅಡುಗೆಮನೆಯಿಂದ ಹೊರಗೆ ಬಂದದ್ದನ್ನು ನಾನು ಕಾಣಲಿಲ್ಲ. ಆರ್ಗೋಸ್‌ನ ಆ ಕಲ್ಲುಗಳ ನಡುವೆ ನಿಂತು ನನಗೆ ಅವರ ನೆನಪಾಯಿತು, ಕಣ್ಣು ತುಂಬಿ ಬಂತು. ಮಾರ್ಗದರ್ಶಕಿ ಗಡಿಯಾರ ನೋಡಲಿಲ್ಲ. ನಾನು ಸರಿಹೋಗುವ ತನಕ ದೂರದಲ್ಲಿ ಮಗನೊಂದಿಗೆ ಮಾತಾಡುತ್ತ ನಿಂತರು. ಒಬ್ಬ ಮಾರ್ಗದರ್ಶಕರಿಂದ ನಾನು ಬಯಸುವುದು ಇದನ್ನೇ. ಇಂದು ಅಲ್ಲಿ ಆ ದಿಬ್ಬವೂ ಇಲ್ಲ, ಸಮಾಧಿಯೂ ಇಲ್ಲ. ರೋಮನ್ ಕಾಲದ ಇಟ್ಟಿಗೆ ಗೋಡೆಗಳು, ಗೋಡೆಯ ಬುಡದಲ್ಲಿ ಕೆಂಪು ಗಸಗಸೆ ಹೂಗಳು.

ಆರ್ಗೋಸ್ ಬಿಡುವ ಮುಂಚೆ ಅಜ್ಜನ ಸಾವನ್ನೂ ಹೇಳಿ ಮುಗಿಸಿದರು. ಮೊಮ್ಮಗ ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಬರುತ್ತಿದ್ದಾನೆ ಎಂಬ ಸುದ್ದಿ ಕೇಳಿ ಅಕ್ರಿಸಿಯಸ್ ಊರು ಬಿಟ್ಟು ಥೆಸಲಿಯ ಲಾರಿಸಾ ಪಟ್ಟಣಕ್ಕೆ ಓಡಿದ. ನಾವು ಕುಳಿತಿದ್ದ ಗುಡ್ಡದ ಹೆಸರೂ ಲಾರಿಸಾ, ಅವನು ಅಡಗಲು ಹೋದ ಊರಿನ ಹೆಸರೂ ಲಾರಿಸಾ. ಅಲ್ಲಿ ಕ್ರೀಡಾಕೂಟ ನಡೆದಿತ್ತು. ಪರ್ಸಿಯಸ್ ಎಸೆದ ಡಿಸ್ಕಸ್ ಹೋಗಿ ಅಜ್ಜನ ಕಾಲಿಗೆ ಬಡಿಯಿತು, ಅದರಿಂದಲೇ ಸತ್ತ. ಕೊಲ್ಲುವ ಮನಸ್ಸೇ ಇಲ್ಲದವನ ಕೈಯಿಂದ ದೈವವಾಣಿ ನಿಜವಾಯಿತು. ತಾನೇ ಕೊಂದವನ ಗದ್ದುಗೆಯಲ್ಲಿ ಕೂರಲು ಪರ್ಸಿಯಸ್‌ನಿಗೆ ನಾಚಿಕೆಯಾಯಿತು. ಪ್ರೀಟಸ್‌ನ ಮಗ ಮೆಗಪೆಂಥಿಸ್‌ನೊಂದಿಗೆ ರಾಜ್ಯವನ್ನೇ ಅದಲುಬದಲು ಮಾಡಿಕೊಂಡ: ಆರ್ಗೋಸ್ ಅವನಿಗೆ, ಟಿರಿನ್ಸ್ ಇವನಿಗೆ. ಮೆಗಪೆಂಥಿಸ್ ದನಾಯಿಯ ಚಿಕ್ಕಪ್ಪನ ಮಗ, ನಮ್ಮ ವರಸೆಯಲ್ಲಿ ಪರ್ಸಿಯಸ್‌ನಿಗೆ ಸೋದರಮಾವ. ಇದನ್ನು ಹೇಳಿದಾಗ ಆಕೆ ಪುಸ್ತಕ ತೆಗೆದು ಆ ಶಬ್ದವನ್ನು ಗ್ರೀಕ್ ಅಕ್ಷರದಲ್ಲಿ ಬರೆದುಕೊಂಡರು. ತಾಯಿಯ ಅಣ್ಣತಮ್ಮಂದಿರಿಗೆಂದೇ ಬೇರೆ ಶಬ್ದವಿರುವುದು ಆಕೆಗೆ ಬಹಳ ಖುಷಿ ಕೊಟ್ಟಿತು.

ಟಿರಿನ್ಸ್‌ಗೆ ದಾರಿಯುದ್ದಕ್ಕೂ ಕಿತ್ತಳೆ ತೋಟ. ಹೂ ಬಿರಿಯಲು ಆರಂಭವಾಗಿತ್ತು. ಚಾಲಕ ಕೇಳದೆಯೇ ಕಾರಿನ ಗಾಜುಗಳನ್ನು ಇಳಿಸಿದ. ಟಿರಿನ್ಸ್ ಸಮತಟ್ಟಿನ ನಡುವೆ ಎದ್ದ ಒಂದು ಚಿಕ್ಕ ದಿನ್ನೆ. ದೂರದಿಂದ ಏನೂ ಅನ್ನಿಸುವುದಿಲ್ಲ. ಗೋಡೆಯ ಬುಡಕ್ಕೆ ಹೋದ ಮೇಲೆ ಮಾತು ನಿಲ್ಲುತ್ತದೆ. ಒಂದೊಂದು ಕಲ್ಲೂ ನಮ್ಮ ಕಾರಿನಷ್ಟು. ಇದರಲ್ಲಿ ಅತಿ ಸಣ್ಣ ಕಲ್ಲನ್ನೂ ಒಂದು ಜೋಡಿ ಹೇಸರಗತ್ತೆ ಅಲುಗಿಸಲಾರವು ಎಂದು ಪೌಸೇನಿಯಸ್ ಬರೆದದ್ದು ಕಣ್ಣಾರೆ ಕಂಡಾಗಲೇ ಅರ್ಥವಾಗುವುದು. ಮನುಷ್ಯರು ಇದನ್ನು ಕಟ್ಟಿರಲಾರರು ಎಂದುಕೊಂಡ ಹಿಂದಿನವರು, ಲಿಸಿಯಾದಿಂದ ಒಕ್ಕಣ್ಣಿನ ಸೈಕ್ಲೋಪ್ಸ್ ದೈತ್ಯರು ಬಂದು ಪ್ರೀಟಸ್‌ನಿಗೆ ಕಟ್ಟಿಕೊಟ್ಟರು ಎಂದರು. ಇಂಥ ಕಟ್ಟಡಕ್ಕೆ ಪುರಾತತ್ವದವರು ಇಂದಿಗೂ ಸೈಕ್ಲೋಪಿಯನ್ ಎಂದೇ ಹೇಳುತ್ತಾರೆ.

ಪೂರ್ವದ ಕಡೆ ಗೋಡೆಯ ದಪ್ಪದೊಳಗೇ ಒಂದು ಓಣಿ ಇದೆ. ಎರಡೂ ಬದಿಯ ಕಲ್ಲುಗಳು ಮೇಲೆ ಮೇಲೆ ಹೋದಂತೆ ಒಳಕ್ಕೆ ಬಾಗುತ್ತ ನೆತ್ತಿಯಲ್ಲಿ ಕೂಡುತ್ತವೆ, ಕೈ ಮುಗಿದ ಹಾಗೆ. ಅದರ ಬಾಯಿಯ ಬಳಿ ಆಕೆ ನನ್ನ ಕೈಯನ್ನು ಹಿಡಿದು ಸೊಂಟದ ಎತ್ತರದ ಒಂದು ಕಲ್ಲಿನ ಮೇಲೆ ಇರಿಸಿದರು. ಒರಟು ಸುಣ್ಣಕಲ್ಲು ಅಲ್ಲಿ ಮಾತ್ರ ಗಾಜಿನಂತೆ ನುಣುಪು, ತಣ್ಣಗೆ. ಕೈಯನ್ನು ಒಂದು ಮೊಳ ಮೇಲಕ್ಕೆ ಸರಿಸಿದರೆ ಮತ್ತೆ ಒರಟು. ನೂರಾರು ವರ್ಷ ಕುರುಬರು ಈ ಓಣಿಯಲ್ಲಿ ಕುರಿಗಳನ್ನು ಕೂಡುತ್ತಿದ್ದರು. ಕುರಿಗಳ ಮೈ ಉಜ್ಜಿ ಉಜ್ಜಿ ಆದ ನುಣುಪು ಅದು. ಅರಮನೆಯಾಗಿದ್ದದ್ದು ದೊಡ್ಡಿಯಾಗಿ, ದೊಡ್ಡಿ ಮತ್ತೆ ಸ್ಮಾರಕವಾದ ಇತಿಹಾಸವೆಲ್ಲ ಅಂಗೈಗೆ ಸಿಕ್ಕಿತು. 31 ವರ್ಷದ ಪಾಠದಲ್ಲಿ ಯಾವ ನಕ್ಷೆ ತೋರಿಸಿಯೂ ನಾನು ಮಕ್ಕಳಿಗೆ ಇದನ್ನು ಕೊಟ್ಟಿರಲಿಲ್ಲ.

ಆದರೆ ಟಿರಿನ್ಸ್‌ಗೆ ಕೊಟ್ಟದ್ದು 40 ನಿಮಿಷ ಮಾತ್ರ. ಇದು ಎರಡನೆಯ ಕೊರತೆ, ನನ್ನ ದೃಷ್ಟಿಯಲ್ಲಿ ದೊಡ್ಡದು. ಪರ್ಸಿಯಸ್‌ನ ಹೆಸರಿನಲ್ಲಿ ಮಾರುವ ಪ್ರವಾಸ ಇದು, ಅವನು ರಾಜನಾಗಿ ಬಂದು ಕೂತ ಊರು ಇದು. ಮೇಲಿನ ಅರಮನೆಯ ಒಲೆಮನೆಯ ನೆಲೆಗಟ್ಟನ್ನು ನಿಂತು ನೋಡುವಷ್ಟರಲ್ಲಿ ಚಾಲಕ ಕೆಳಗಿನಿಂದ ಕೈ ಬೀಸುತ್ತಿದ್ದ. ವೇಳಾಪಟ್ಟಿ ಮಾಡಿದವರು ಸಂಸ್ಥೆಯವರು, ಆತನ ತಪ್ಪಿಲ್ಲ.

ಊಟಕ್ಕೆ ನಿಲ್ಲಿಸಿದ್ದು ಮೈಸೀನಿಗೆ ಹೋಗುವ ದಾರಿಯ ಒಂದು ತವೇರ್ನಾದಲ್ಲಿ. ಸಸ್ಯಾಹಾರಿಗಳು ಎಂದು ಮೊದಲೇ ಬರೆದಿದ್ದೆವು, ಆದರೂ ಸುದ್ದಿ ತಲುಪಿರಲಿಲ್ಲ. ತಂದಿಟ್ಟದ್ದು ಮಾಂಸದ ತಟ್ಟೆ. ಮಾರ್ಗದರ್ಶಕಿ ಎದ್ದು ಅಡುಗೆಮನೆಗೇ ಹೋಗಿ ಮಾತಾಡಿ ಬಂದರು. ಸ್ವಲ್ಪ ಹೊತ್ತಿನಲ್ಲಿ ಟೊಮೆಟೊ ಸಾರಿನಲ್ಲಿ ಬೆಂದ ದಪ್ಪ ಬಿಳಿ ಅವರೆ, ಅದಕ್ಕೆ ಅಲ್ಲಿ ಗಿಗಾಂತೆಸ್ ಎನ್ನುತ್ತಾರೆ, ನಿಂಬೆ ಹಿಂಡಿದ ಬೇಯಿಸಿದ ಸೊಪ್ಪು, ಬಿಸಿ ಬ್ರೆಡ್ಡು ಬಂದವು. ನಮ್ಮವರು ಹೋದರೆ ಆ ಅವರೆಯನ್ನು ಹೆಸರು ಹಿಡಿದೇ ಕೇಳಿ. ಬಹಳ ಮೆತ್ತಗೆ ಬೆಂದಿತ್ತು.

ತವೇರ್ನಾದ ಮೇಜಿಗೆ ಬಿಳಿ ಕಾಗದ ಹಾಸಿರುತ್ತಾರೆ. ಆಕೆ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಅದರ ಮೇಲೆ ವಂಶವೃಕ್ಷ ಬರೆಯತೊಡಗಿದರು. ಈ ಅರ್ಧ ಗಂಟೆ ಇಡೀ ದಿನದ ಸಾರ. ಮೊದಲ ಮಗ ಪರ್ಸೆಸ್ ಗ್ರೀಸಿಗೆ ಬರುವ ಮುಂಚೆಯೇ ಹುಟ್ಟಿದವನು. ಅವನನ್ನು ಆಂಡ್ರೊಮೆಡಾಳ ತವರಿನಲ್ಲೇ, ಅಜ್ಜ ಸೀಫಿಯಸ್‌ನ ಬಳಿ ಬಿಟ್ಟು ಬಂದರು. ಪರ್ಷಿಯಾದ ರಾಜರು ಅವನ ಸಂತತಿ ಎಂದು ಗ್ರೀಕರು ಹೇಳಿಕೊಳ್ಳುತ್ತಿದ್ದರು. ಸಮುದ್ರದ ಪ್ರಾಣಿಗೆ ಬಲಿಯಾಗಲು ಬಂಡೆಗೆ ಕಟ್ಟಲಾಗಿದ್ದ ಆಂಡ್ರೊಮೆಡಾಳನ್ನು ಪರ್ಸಿಯಸ್ ಬಿಡಿಸಿದ ಕಥೆ ಎಲ್ಲರಿಗೂ ಗೊತ್ತಿರುವುದೇ. ಆಕೆಯನ್ನು ಮೊದಲು ಕೊಡಲು ಒಪ್ಪಿದ್ದದ್ದು ಅವಳ ಸ್ವಂತ ಚಿಕ್ಕಪ್ಪ ಫಿನಿಯಸ್‌ನಿಗೆ ಎಂಬುದು ನನಗೆ ಹೊಸದು. ಅವನೂ ಕಲ್ಲಾದ.

ಮುಂದಿನದು ದಾಯಾದಿ ಮತ್ಸರ, ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲೆಕ್ಟ್ರಿಯಾನ್ ತನ್ನ ಅಣ್ಣ ಅಲ್ಕೇಯಸ್‌ನ ಮಗಳು ಅನಾಕ್ಸೊಳನ್ನು ಮದುವೆಯಾದ. ಅವರ ಮಗಳು ಅಲ್ಕ್‌ಮೀನಿ. ಅವಳನ್ನು ಮದುವೆಯಾದವನು ಅಲ್ಕೇಯಸ್‌ನ ಮಗ ಆಂಫಿಟ್ರಿಯಾನ್. ನಾನು ಪೆನ್ನು ತೆಗೆದುಕೊಂಡು ಕಾಗದದ ಮೇಲೆ ವರಸೆ ಹಾಕಿದೆ. ತಂದೆಯ ಕಡೆಯಿಂದ ಬಂದರೆ ಆಂಫಿಟ್ರಿಯಾನ್ ಅವಳಿಗೆ ದೊಡ್ಡಪ್ಪನ ಮಗ, ಅಂದರೆ ಅಣ್ಣ. ಈ ಸಂಬಂಧ ನಮ್ಮಲ್ಲಿ ಕೂಡದು. ತಾಯಿಯ ಕಡೆಯಿಂದ ಬಂದರೆ ಅದೇ ಆಂಫಿಟ್ರಿಯಾನ್ ಸೋದರಮಾವ. ನಮ್ಮ ಅಜ್ಜಿಯರ ಕಾಲಕ್ಕೆ ಇದಕ್ಕಿಂತ ಒಳ್ಳೆಯ ಸಂಬಂಧವಿಲ್ಲ. “ಅತ್ತೆ, ಇದಕ್ಕೆ ನಮ್ಮ ಹಿರಿಯರು ಏನು ತೀರ್ಪು ಕೊಡುತ್ತಿದ್ದರು?” ಎಂದು ಸೊಸೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮಾರ್ಗದರ್ಶಕಿಗೆ ಈ ಎರಡು ದಾರಿಯ ವರಸೆಯನ್ನು ತಿಳಿಸಲು ಕಾಲು ಗಂಟೆ ಹಿಡಿಯಿತು. ಅರ್ಥವಾದಾಗ ಆಕೆ ಮೇಜು ತಟ್ಟಿದರು.

ಈ ಮನೆತನಕ್ಕೆ ಕೈತಪ್ಪಿನ ಕೊಲೆ ಎರಡು ಸಲ ಬಂತು ಎಂಬುದನ್ನು ಆಕೆ ಕಾಗದದ ಮೇಲೆ ಎರಡು ಸುತ್ತು ಹಾಕಿ ತೋರಿಸಿದರು. ಆಂಫಿಟ್ರಿಯಾನ್ ಓಡುತ್ತಿದ್ದ ಹಸುವಿಗೆ ಎಸೆದ ದೊಣ್ಣೆ ಅದರ ಕೊಂಬಿಗೆ ಬಡಿದು ಪುಟಿದು, ಮಾವನಾಗಬೇಕಿದ್ದ ಎಲೆಕ್ಟ್ರಿಯಾನ್‌ನ ತಲೆಗೆ ತಾಗಿ ಅವನು ಸತ್ತ. ಪರ್ಸಿಯಸ್‌ನ ಡಿಸ್ಕಸ್, ಆಂಫಿಟ್ರಿಯಾನ್‌ನ ದೊಣ್ಣೆ. ಅದನ್ನೇ ನೆಪ ಮಾಡಿ ಸ್ಥೆನೆಲಸ್ ಆಂಫಿಟ್ರಿಯಾನ್‌ನನ್ನು ಗಡಿಪಾರು ಮಾಡಿ ಮೈಸೀನಿ, ಟಿರಿನ್ಸ್ ಎರಡನ್ನೂ ತಾನೇ ಇಟ್ಟುಕೊಂಡ. ಗಂಡ ಹೆಂಡತಿ ಥೀಬ್ಸ್ ಸೇರಿದರು. ಅಲ್ಲಿ ಅಲ್ಕ್‌ಮೀನಿಯ ಹೊಟ್ಟೆಯಲ್ಲಿ ಜ್ಯೂಸ್‌ನಿಂದ ಹುಟ್ಟಿದವನು ಹೆರಾಕ್ಲಿಸ್, ನಾವು ಹರ್ಕ್ಯುಲಿಸ್ ಎನ್ನುವವನು, ಪರ್ಸಿಯಸ್‌ನ ಮರಿಮಗ. ಇಂದು ಹುಟ್ಟುವ ಪರ್ಸಿಯಸ್‌ನ ಕುಡಿ ಆಳುತ್ತಾನೆ ಎಂದು ಜ್ಯೂಸ್ ಬಾಯಿಬಿಟ್ಟದ್ದೇ ತಡ, ಹೀರಾ ದೇವಿ ಅಲ್ಕ್‌ಮೀನಿಯ ಹೆರಿಗೆ ತಡೆದು, ಇತ್ತ ಸ್ಥೆನೆಲಸ್‌ನ ಹೆಂಡತಿಗೆ ಏಳು ತಿಂಗಳಿಗೇ ಹೆರಿಗೆಯಾಗುವಂತೆ ಮಾಡಿದಳು. ಹೀಗೆ ಮೊದಲು ಹುಟ್ಟಿದ ಆ ಮಗು ಯೂರಿಸ್ಥಿಯಸ್ ಅರಸನಾದ, ಹೆರಾಕ್ಲಿಸ್ ಅವನ ಆಳಾಗಿ ಹನ್ನೆರಡು ಸಾಹಸಗಳನ್ನು ಮಾಡಬೇಕಾಯಿತು.

ಎಣ್ಣೆಯ ಕಲೆಯಿದ್ದ ಆ ಕಾಗದವನ್ನು ಮಗ ಹರಿದು ಮಡಿಚಿ ಕೊಟ್ಟ. ಈಗ ಮನೆಯಲ್ಲಿ ನನ್ನ ಮೇಜಿನ ಗಾಜಿನಡಿ ಇದೆ.

ಮೈಸೀನಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಹೆಚ್ಚು ಬರೆಯುವುದಿಲ್ಲ. ಸಿಂಹದ್ವಾರ ಕ್ರಿಸ್ತಪೂರ್ವ 1250ರ ಸುಮಾರಿನದು. ಎರಡೂ ಸಿಂಹಗಳ ತಲೆ ಇಲ್ಲ. ಪರ್ಸಿಯಸ್ ಈ ಊರನ್ನು ಕಟ್ಟಿದ ಬಗ್ಗೆ ಎರಡು ಕಥೆಗಳಿವೆ. ಕತ್ತಿಯ ಒರೆಯ ತುದಿಯ ತೊಪ್ಪಿ ಇಲ್ಲಿ ಬಿದ್ದಿತು, ಅದಕ್ಕೆ ಮಿಕಿಸ್ ಎನ್ನುತ್ತಾರೆ, ಅದರಿಂದ ಮೈಸೀನಿ ಎಂಬುದು ಒಂದು. ಬಾಯಾರಿದ ಪರ್ಸಿಯಸ್ ನೆಲದ ಅಣಬೆ ಕಿತ್ತಾಗ ಅದರಡಿಯಿಂದ ನೀರು ಚಿಮ್ಮಿತು, ಅಣಬೆಗೂ ಅದೇ ಶಬ್ದ, ಎಂಬುದು ಇನ್ನೊಂದು. ಆ ಬುಗ್ಗೆಗೆ ಪರ್ಸಿಯಾ ಎಂದೇ ಹೆಸರು. ಕೋಟೆಯ ಹಿಂದಿನ ತುದಿಯಲ್ಲಿ ನೆಲದೊಳಕ್ಕೆ ಇಳಿಯುವ ಮೆಟ್ಟಿಲುಗಳಿವೆ; ಗೋಡೆಯ ಹೊರಗಿನ ಬುಗ್ಗೆಯ ನೀರನ್ನು ಮಣ್ಣಿನ ಕೊಳವೆಯಲ್ಲಿ ತಂದು ಮುತ್ತಿಗೆಯ ಕಾಲಕ್ಕೆ ತುಂಬಿಡುತ್ತಿದ್ದ ಗುಪ್ತ ತೊಟ್ಟಿ ಅದು. ಬೆಳಕು ಮುಗಿಯುವ ತಿರುವಿನ ತನಕ ಇಳಿದೆ. ಮೊಣಕಾಲು ನೋವಿದ್ದವರು ಅಲ್ಲಿಂದಲೇ ಹತ್ತಿ ಬರುವುದು ಒಳ್ಳೆಯದು, ಮೆಟ್ಟಿಲುಗಳು ಸವೆದು ಜಾರುತ್ತವೆ.

ಇಲ್ಲಿ ಮಾರ್ಗದರ್ಶಕಿಯ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಯಿತು. ಕೋಟೆಯ ನೆತ್ತಿಯಲ್ಲಿ ನಿಂತಾಗ ಮಗ ನೇರವಾಗಿ ಕೇಳಿದ, ಪರ್ಸಿಯಸ್ ನಿಜವಾಗಿ ಇದ್ದನೇ ಎಂದು. ಈ ಗೋಡೆಗಳು ಕಂಚಿನ ಯುಗದವು, ಇವನ್ನು ಕಟ್ಟಿದ ರಾಜರ ನಿಜವಾದ ಹೆಸರು ನಮಗೆ ಸಿಕ್ಕಿಲ್ಲ. ಗೋಡೆಗಳು ಪಾಳುಬಿದ್ದ ಮೇಲೆ ಬಂದವರು ಇವನ್ನು ನೋಡಿ, ಇಷ್ಟು ದೊಡ್ಡದನ್ನು ಕಟ್ಟಿದವರಿಗೆ ತಕ್ಕ ಒಂದು ಮನೆತನ ಬೇಕೆಂದು ಈ ಕಥೆಗಳನ್ನು ಇಲ್ಲಿಗೆ ಕಟ್ಟಿದರು ಎಂದರು. ಕಲ್ಲು ಎಲ್ಲಿ ಮುಗಿಯುತ್ತದೆ, ಕಥೆ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆಯನ್ನು ಆಕೆ ದಿನವಿಡೀ ಎಲ್ಲೂ ಅಳಿಸಲಿಲ್ಲ. ಅಲ್ಲಿಂದ ಆರ್ಗೋಸ್‌ನ ಗುಡ್ಡ, ಅದರಾಚೆ ಸಮುದ್ರ ಕಾಣುತ್ತದೆ. ಅಜ್ಜನ ಊರನ್ನು ಬೆಟ್ಟದ ಮೇಲಿಂದ ಬೆರಳಿಟ್ಟು ತೋರಿಸಿದರು.

ಕೊನೆಯದು ಏಟ್ರಿಯಸ್‌ನ ಖಜಾನೆ ಎಂದು ಹೆಸರಾದ ಗೋರಿ. ಒಳಗೆ 13 ಮೀಟರ್‌ಗೂ ಎತ್ತರದ ಜೇನುಗೂಡಿನಂಥ ಗುಮ್ಮಟ. ಬಾಗಿಲ ಮೇಲಿನ ಒಳಗಿನ ಅಡ್ಡಗಲ್ಲು ಒಂದೇ ಸುಮಾರು 120 ಟನ್. ಏಟ್ರಿಯಸ್ ಟ್ರಾಯ್ ಯುದ್ಧದ ಗ್ರೀಕ್ ನಾಯಕ ಅಗಮೆಮ್ನಾನ್‌ನ ತಂದೆ, ಯೂರಿಸ್ಥಿಯಸ್‌ನ ತಾಯಿಯ ಅಣ್ಣ. ಹೆರಾಕ್ಲಿಸ್‌ನ ಮಕ್ಕಳ ಮೇಲೆ ಯುದ್ಧಕ್ಕೆ ಹೋದ ಯೂರಿಸ್ಥಿಯಸ್ ಅಲ್ಲೇ ಸತ್ತ, ಗದ್ದುಗೆ ಪರ್ಸಿಯಸ್‌ನ ಮನೆಯಿಂದ ಜಾರಿತು. ಯಾರಿಗೆ ಹೋಯಿತು ಎಂದು ಆಕೆ ನನ್ನ ಕಡೆ ತಿರುಗಿ, “ಸೋದರಮಾವ” ಎಂದು ಕನ್ನಡದಲ್ಲೇ ಹೇಳಿದರು. ಗುಮ್ಮಟದಲ್ಲಿ ಆ ಶಬ್ದ ಸುತ್ತು ಹೊಡೆದು ಬಂತು.

ಮೂರನೆಯ ಕೊರತೆ, ಮಿಡಿಯಾ ಈ ಪ್ರವಾಸದಲ್ಲಿ ಇಲ್ಲ. ಪರ್ಸಿಯಸ್ ಕೋಟೆ ಕಟ್ಟಿದ ಊರುಗಳಲ್ಲಿ ಅದೂ ಒಂದು, ಎಲೆಕ್ಟ್ರಿಯಾನ್ ಆಳಿದ್ದು ಅಲ್ಲಿಂದ. ಮರುದಿನ ನಾವೇ ನಾಫ್ಲಿಯೊದ ವಸ್ತುಸಂಗ್ರಹಾಲಯಕ್ಕೆ ಹೋಗಿ, ಮಿಡಿಯಾದ ಪಕ್ಕದ ದೆಂಡ್ರಾದಲ್ಲಿ 1960ರಲ್ಲಿ ಸಿಕ್ಕ ಕಂಚಿನ ಇಡೀ ಕವಚವನ್ನು ನೋಡಿದೆವು. ಸುಮಾರು 3,400 ವರ್ಷ ಹಳೆಯದು. ಕೊರಳಿನಿಂದ ತೊಡೆಯ ತನಕ ಬಳೆ ಬಳೆಯಾಗಿ ಕಂಚಿನ ತಗಡು, ಪಕ್ಕದಲ್ಲೇ ಕಾಡುಹಂದಿಯ ಕೋರೆಗಳನ್ನು ಹೊಲಿದು ಮಾಡಿದ ಶಿರಸ್ತ್ರಾಣ. ಪ್ರವಾಸದ ಕೊನೆಗೆ ಇದಕ್ಕೆ ಮುಕ್ಕಾಲು ಗಂಟೆ ಸೇರಿಸಿದರೆ ಎಷ್ಟು ಚೆನ್ನ. ಸೇರಿಸದಿದ್ದರೂ ನೀವು ಹೋಗಿ. ಊರ ನಡುವಿನ ಚೌಕದಲ್ಲೇ ಇದೆ.

ಸಂಜೆ ನಮ್ಮನ್ನು ಬಿಡುವಾಗ ಆಕೆ, ಕತ್ತಲಾದ ಮೇಲೆ ದಂಡೆಗೆ ಹೋಗಿ ವಾಯವ್ಯಕ್ಕೆ ನೋಡಿ ಎಂದಿದ್ದರು. ಒಂಬತ್ತರ ಹೊತ್ತಿಗೆ ಹೋದೆವು. ಕೊಲ್ಲಿಯ ಆಚೆ ಆರ್ಗೋಸ್‌ನ ದೀಪಗಳು, ಅವುಗಳ ಮೇಲೆ ಆಕಾಶದಲ್ಲಿ ನಕ್ಷತ್ರಪುಂಜಗಳಾಗಿ ಪರ್ಸಿಯಸ್, ಕೆಳಗೆ ಅತ್ತೆ ಕ್ಯಾಸಿಯೋಪಿಯಾ, ಅರ್ಧ ಮುಳುಗಿದ ಆಂಡ್ರೊಮೆಡಾ. ಪರ್ಸಿಯಸ್ ಹಿಡಿದ ತಲೆಯ ಜಾಗದಲ್ಲಿರುವ ಆಲ್ಗಾಲ್ ನಕ್ಷತ್ರ ಎರಡು ದಿನ 21 ಗಂಟೆಗೊಮ್ಮೆ ಮಂಕಾಗಿ ಮತ್ತೆ ಬೆಳಗುತ್ತದೆ. ನಮ್ಮ ಕನ್ನಡದ ನಕ್ಷತ್ರಪಟಗಳಲ್ಲಿ ಪರ್ಸಿಯಸ್‌ನಿಗೆ ಪಾರ್ಥ ಎಂದೂ ಕ್ಯಾಸಿಯೋಪಿಯಾಳಿಗೆ ಕುಂತಿ ಎಂದೂ ಹೆಸರು. ಬೆಳಿಗ್ಗೆ ದಡದಲ್ಲೇ ಉಳಿದ ತಾಯಿಯ ಬಗ್ಗೆ ಮಾತಾಡಿದ್ದೆ. ರಾತ್ರಿ ಅವಳು ಅಲ್ಲಿ ಪರ್ಸಿಯಸ್‌ನ ಪಕ್ಕದಲ್ಲೇ ಇದ್ದಳು.

ಹೋಗುವವರಿಗೆ ಇಷ್ಟು: ಹಣ ಕಟ್ಟುವ ಮುಂಚೆ ಆರ್ಗೋಸ್‌ನಿಂದ ಆರಂಭಿಸುವ ಮಾರ್ಗದರ್ಶಕಿಯೇ ಬೇಕು ಎಂದು ಬರೆದು ಕೇಳಿ. ಟಿರಿನ್ಸ್‌ಗೆ ಒಂದೂವರೆ ಗಂಟೆ ಬೇಕೆಂದು ಮೊದಲೇ ಹೇಳಿ. ಜಾರದ ಚಪ್ಪಲಿ, ನೀರು, ಟೋಪಿ ಇರಲಿ, ಮೈಸೀನಿಯಲ್ಲಿ ನೆರಳಿಲ್ಲ.

ಊರಿಗೆ ಬಂದ ಮೇಲೆ ಸಂಸ್ಥೆಗೆ ಪತ್ರ ಬರೆದು ಕರಪತ್ರದಲ್ಲಿ ಎರಡು ತಿದ್ದುಪಡಿ ಕೇಳಿದೆ: ರೆಕ್ಕೆಯ ಕುದುರೆಯನ್ನು ತೆಗೆಯಿರಿ, ಮಗಳ ಹೆಸರನ್ನು ಸೇರಿಸಿ. ಮುಂದಿನ ಮುದ್ರಣದಲ್ಲಿ ಕುದುರೆ ಇರುವುದಿಲ್ಲ ಎಂದು ಉತ್ತರ ಬಂದಿದೆ. ಗೊರ್ಗೊಫೊನೆಯ ಬಗ್ಗೆ ಏನೂ ಹೇಳಿಲ್ಲ. ಮತ್ತೆ ಬರೆದಿದ್ದೇನೆ.